ಚಿಪ್ಪಿಲ್ಲದ ನಾಟಿಲಾಯ್ಡ್‌ಗಳಿಗೆ ಕುಲ ಹುಡುಕಿದ್ದು: ನನ್ನ ಅನುಭವ

"ಒಳಅಚ್ಚು ನೋಡಿ ಕುಲ ಹೇಳ್ತೀನಿ ಅನ್ನೋದು ಕವಡೆ ಶಾಸ್ತ್ರ ಕಣಯ್ಯಾ." ಐದು ವರ್ಷದ ಹಿಂದೆ ನಮ್ಮ ಹಿರಿಯರೊಬ್ಬರು ನನಗೆ ಹೇಳಿದ ಮಾತಿದು. ಕುಲ ಅಂದರೆ ಇಲ್ಲಿ ಹತ್ತಿರದ ಪ್ರಭೇದಗಳ ಗುಂಪು. ಹೋದ ತಿಂಗಳು ಅವರೇ ಒಂದು ಪೆಟ್ಟಿಗೆ ಕಳಿಸಿದ್ದಾರೆ. ಒಳಗೆ ಹನ್ನೊಂದು ಒಳಅಚ್ಚು (ಚಿಪ್ಪಿನೊಳಗೆ ತುಂಬಿ ಕಲ್ಲಾದ ಕೆಸರು), ಜೊತೆಗೊಂದು ಚೀಟಿ: "ಇವು ಯಾವುವು ಅಂತ ನೋಡಿ ಹೇಳು." ಈ ಕೆಲಸ ಹೇಗಾಯಿತು ಅಂತ ಬರೆಯೋಕೆ ಇದೇ ಸರಿಯಾದ ಸಮಯ ಅನ್ನಿಸಿತು.

ನನ್ನ ಮುಂದೆ ಇದ್ದದ್ದು ಸುಮಾರು 140 ಕಲ್ಲು. ಎಲ್ಲವೂ ಬಿಗಿಯಾಗಿ ಸುತ್ತಿಕೊಂಡ ನಾಟಿಲಾಯ್ಡ್‌ಗಳು, ಅಂದರೆ ಕೋಣೆ ಕೋಣೆಯಾಗಿ ಚಿಪ್ಪು ಕಟ್ಟುವ ಕಡಲಜೀವಿಗಳು, ಈಗಿನ ನಾಟಿಲಸ್‌ನ ನೆಂಟರು. ಕ್ರಿಟೇಶಿಯಸ್ ಕೊನೆಯ ಮತ್ತು ಅದರ ನಂತರದ ಪೇಲಿಯೊಸೀನ್ ಕಾಲದ ಸುಣ್ಣಕಲ್ಲಿನಿಂದ ಬಂದವು. ಚಿಕ್ಕದು ನಿಂಬೆಹಣ್ಣಿನಷ್ಟು, ದೊಡ್ಡದು ಎರಡೂ ಕೈ ಹಾಕಿ ಎತ್ತಬೇಕಾದಷ್ಟು. ಚಿಪ್ಪು ಯಾವತ್ತೋ ಕರಗಿ ಹೋಗಿದೆ. ಒಳಗೆ ತುಂಬಿದ ಕೆಸರು ಕಲ್ಲಾಗಿ ಉಳಿದಿದೆ. ಚೀಟಿಗಳಲ್ಲಿ ಮುಕ್ಕಾಲು ಪಾಲು "ನಾಟಿಲಸ್" ಅಂತಷ್ಟೇ ಇತ್ತು. ಮೂರು ಪೆಟ್ಟಿಗೆಗಳಲ್ಲಿ ಚೀಟಿಗಳೇ ಒಂದಕ್ಕೊಂದು ಬೆರೆತು ಹೋಗಿದ್ದವು.

ಸುರುಳಿ ಸುತ್ತಿದ ನಾಟಿಲಾಯ್ಡ್ ಯಾವುದೇ ಸಿಗಲಿ, ನಾಟಿಲಸ್ ಅಂತ ಬರೆದು ಮುಗಿಸುವ ಕಾಲ ಒಂದಿತ್ತು. ಆ ಗಂಟನ್ನು ಪಳೆಯುಳಿಕೆ ಪಂಡಿತರು ಒಬ್ಬೊಬ್ಬರಾಗಿ ಬಿಚ್ಚಿದರು. ಹರ್ಕೊಗ್ಲೋಸ ಮತ್ತು ಸಿಮೋಮಿಯ ಎಂಬ ಹೆಸರುಗಳನ್ನು ಕಾನ್ರಾಡ್ 1866ರಲ್ಲಿ ಕೊಟ್ಟರು. ಹಯಾಟ್ 1894ರಲ್ಲಿ ಯುಟ್ರೆಫೊಸೆರಸ್ ಬೇರೆ ಮಾಡಿದರು. ಸ್ಪಾತ್ 1927ರಲ್ಲಿ ಡೆಲ್ಟಾಯ್ಡೊನಾಟಿಲಸ್ ಸೇರಿಸಿದರು, ಹರ್ಕೊಗ್ಲೋಸಿಡೀ ಕುಟುಂಬವೂ ಅವರು ಕಟ್ಟಿದ್ದೇ. ಕುಮ್ಮೆಲ್ 1956ರಲ್ಲಿ ಟ್ರಯಾಸಿಕ್ ನಂತರದ ಕುಲಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದರು. ಹೆಸರುಗಳಿಗೇನೂ ಬರ ಇಲ್ಲ. ಕೈಯಲ್ಲಿರುವ ಕಲ್ಲಿಗೆ ಅದರಲ್ಲಿ ಯಾವ ಹೆಸರು ಅನ್ನುವಲ್ಲೇ ಎಲ್ಲರೂ ಎಡವೋದು.

ಗುರುತುಗಳು ಹೀಗಿವೆ. ಕೋಣೆಗಳ ನಡುವಿನ ಅಡ್ಡಗೋಡೆ ಚಿಪ್ಪಿಗೆ ಸೇರುವ ಗೆರೆಯೇ ಸೂಚರ್, ಅದು ಹಿಂದಕ್ಕೆ ಬಳುಕಿ ಇಳಿದ ಭಾಗ ಲೋಬ್. ಸೂಚರ್ ಹೆಚ್ಚುಕಡಿಮೆ ನೇರ ಇದ್ದರೆ ಯುಟ್ರೆಫೊಸೆರಸ್. ಸ್ವಲ್ಪ ಬಳುಕಿದರೆ ಸಿಮೋಮಿಯ. ಪಕ್ಕದ ಲೋಬ್ ಆಳವಾಗಿ, ದುಂಡಗೆ ಇಳಿದರೆ ಹರ್ಕೊಗ್ಲೋಸ. ಹೊರಬದಿ ಚೂಪಾಗಿ, ಅಡ್ಡಕೊಯ್ತ ತ್ರಿಕೋನದ ಹಾಗಿದ್ದರೆ ಡೆಲ್ಟಾಯ್ಡೊನಾಟಿಲಸ್. ಓದೋಕೆ ಎಷ್ಟು ಸಲೀಸು ಅಲ್ವಾ? ಆದರೆ "ಸ್ವಲ್ಪ" ಅಂದರೆ ಎಷ್ಟು? "ಆಳ" ಎಲ್ಲಿಂದ ಶುರು? ಮೊದಲ ಮೂರು ಒಂದರಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತವೆ. ನಡುವೆ ಗೆರೆ ಎಳೆಯೋದು ಕಷ್ಟ ಅಂತ ಹಿಂದಿನವರೂ ಒಪ್ಪಿಕೊಂಡಿದ್ದಾರೆ.

ಇದು ಹೆಸರಿನ ಚಟಕ್ಕೆ ಮಾಡಿದ ಕೆಲಸ ಅಲ್ಲ. ಕ್ರಿಟೇಶಿಯಸ್ ಮುಗಿದ ಗಡಿಯಲ್ಲಿ, 6.6 ಕೋಟಿ ವರ್ಷದ ಹಿಂದೆ, ಇವುಗಳ ದೂರದ ನೆಂಟರಾದ ಅಮ್ಮೊನೈಟ್‌ಗಳ ವಂಶ ಮುಗಿಯಿತು, ಈ ಗುಂಪು ದಾಟಿ ಬಂತು. ಎಷ್ಟು ಕುಲಗಳು ದಾಟಿದವು, ದಾಟಿದ ಮೇಲೆ ಎಷ್ಟು ಹೊಸದಾಗಿ ಹುಟ್ಟಿದವು ಅಂತ ಲೆಕ್ಕ ಹಾಕುವವರು ನಮ್ಮ ಚೀಟಿಗಳನ್ನೇ ನಂಬುತ್ತಾರೆ. ಒಂದೇ ಪ್ರಾಣಿಯ ಮರಿಗೆ ಒಂದು ಕುಲ, ದೊಡ್ಡದಕ್ಕೆ ಇನ್ನೊಂದು ಕುಲ ಅಂತ ನಾವು ಬರೆದಿಟ್ಟರೆ ಅವರ ಲೆಕ್ಕವೇ ಸುಳ್ಳಾಗುತ್ತದೆ. ನನ್ನನ್ನು ಐದು ವರ್ಷ ಹಿಡಿದಿಟ್ಟ ವಿಷಯ ಇದು.

ಮೊದಲು ಗರಗಸ ಹಿಡಿದೆ. ಎಲ್ಲರೂ ಮಾಡೋದು ಅದೇ. ನಡುಮಧ್ಯದಲ್ಲಿ ಕೊಯ್ದು, ನುಣ್ಣಗೆ ಉಜ್ಜಿ, ಸೈಫಂಕಲ್ (ಕೋಣೆಗಳನ್ನು ತೂರಿ ಸಾಗುವ ಸಣ್ಣ ಕೊಳವೆ) ಹೋದ ದಾರಿ ಹಿಡಿಯುವ ಲೆಕ್ಕ. ನನ್ನ ಕಲ್ಲುಗಳಲ್ಲಿ ಸೈಫಂಕಲ್ ದಪ್ಪ ಎರಡು ಮೂರು ಮಿ.ಮೀ. ಅಷ್ಟೇ. ಬ್ಲೇಡೇ ಒಂದೂವರೆ ಮಿ.ಮೀ. ತಿನ್ನುತ್ತದೆ. ಕಲ್ಲು ಮಣ್ಣಿನ ಭಾರಕ್ಕೆ ಓರೆಯಾಗಿ ಅದುಮಿಕೊಂಡಿದ್ದರೆ ನಡುಮಧ್ಯ ಅನ್ನೋದೇ ನೇರವಾಗಿ ಇರೋದಿಲ್ಲ. 14 ಕೊಯ್ದೆ. ಐದರಲ್ಲಿ ಸೈಫಂಕಲ್ ಸಿಕ್ಕಿತು. ಅದೂ ಅರ್ಧ ಸುತ್ತು ಕಾಣಿಸಿ ಆಮೇಲೆ ಮಾಯ. ಉಳಿದ ಒಂಬತ್ತು ಸುಮ್ನೆ ಹಾಳಾದವು. ಅದರಲ್ಲಿ ಒಂದು ಹೊಕ್ಕುಳಿನವರೆಗೂ, ಅಂದರೆ ಸುರುಳಿಯ ನಡುವಿನ ಗುಳಿಯವರೆಗೂ, ಪೂರ್ತಿ ಉಳಿದಿದ್ದ ಕಲ್ಲು. ಎರಡು ಹೋಳಾಗಿ ಈಗಲೂ ಕಪಾಟಿನಲ್ಲಿದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಆಮೇಲೆ ಸ್ಕ್ಯಾನ್. ಕೊಯ್ಯದೆ ಒಳಗೆ ನೋಡಬಹುದು ಅಂತ ಎಲ್ಲರೂ ಹುರಿದುಂಬಿಸಿದರು. ಕೈಯಲ್ಲಿದ್ದ ದುಡ್ಡಿನ ದೊಡ್ಡ ಪಾಲು ಅದಕ್ಕೆ ಸುರಿದೆ. ಆರು ಕಲ್ಲು ಕೊಟ್ಟೆ, ಇದ್ದುದರಲ್ಲಿ ಗಟ್ಟಿಯಾದ, ಚೆಂದದ ಆರು. ಬಂದ ಚಿತ್ರಗಳಲ್ಲಿ ಕಂಡದ್ದು ಒಂದೇ ಬಣ್ಣದ ಬೂದು. ಕೋಣೆಯಲ್ಲಿ ತುಂಬಿದ್ದೂ ಸುಣ್ಣ, ಅಡ್ಡಗೋಡೆ ಇದ್ದ ಜಾಗದಲ್ಲಿ ಕೂತ ಕ್ಯಾಲ್ಸೈಟೂ ಸುಣ್ಣ. ಎಕ್ಸ್‌ರೇಗೆ ಎರಡರ ನಡುವೆ ಭೇದವೇ ಕಾಣಲಿಲ್ಲ. ಅಡ್ಡಗೋಡೆ ಕರಗಿ ಸಂದು ಬಿದ್ದಿರುವ ಕಲ್ಲುಗಳನ್ನು ಕೊಡಬೇಕಿತ್ತು. ಅವು ನೋಡೋಕೆ ಚೆನ್ನಾಗಿಲ್ಲ ಅಂತ ಪಕ್ಕಕ್ಕೆ ಇಟ್ಟಿದ್ದೆ. ಇದು ಹೊಳೆಯುವ ಹೊತ್ತಿಗೆ ದುಡ್ಡು ಮುಗಿದಿತ್ತು. ಆ ಆರು ಸ್ಕ್ಯಾನಿಗೆ ಆದ ಖರ್ಚಿನಲ್ಲಿ, ಆಮೇಲೆ ಗೆದ್ದ ವಿಧಾನದಲ್ಲಿ, ಕಡಿಮೆ ಅಂದರೂ 400 ಕಲ್ಲು ಅಳೆಯಬಹುದಿತ್ತು.

ಮೂರನೆಯದು ಕಂಪ್ಯೂಟರ್. ಸುಮಾರು 120 ಕಲ್ಲುಗಳ ವ್ಯಾಸ, ಸುತ್ತಿನ ಎತ್ತರ, ಅಗಲ, ಹೊಕ್ಕುಳಿನ ಅಳತೆ ತೆಗೆದೆ. ರಾಪ್ 1966ರಲ್ಲಿ ಕೊಟ್ಟ ಸುರುಳಿಯ ಅಳತೆಗಳಿಗೆ ಇಳಿಸಿ, ಗುಂಪು ಮಾಡುವ ಪ್ರೋಗ್ರಾಮಿಗೆ ಹಾಕಿದೆ. ಸ್ಪಷ್ಟವಾಗಿ ಎರಡು ಗುಂಪು ಬಂತು. ಒಂದು ವಾರ ನಿದ್ದೆ ಬಾರದಷ್ಟು ಖುಷಿ. ಎರಡನೇ ವಾರ ಎರಡೂ ಗುಂಪಿನ ಕಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದು ಸಾಲಿನಲ್ಲಿ ದುಂಡಗಿನವು, ಇನ್ನೊಂದು ಸಾಲಿನಲ್ಲಿ ಅದುಮಿದವು. ಅದುಮಿದವು ಬಹುಪಾಲು ಜೇಡಿ ಜಾಸ್ತಿ ಇರುವ ಒಂದೇ ಪದರದಿಂದ ಬಂದವು. ಅಂದರೆ ಪ್ರೋಗ್ರಾಮ್ ಪ್ರಾಣಿಗಳನ್ನು ವಿಂಗಡಿಸಿರಲಿಲ್ಲ, ಮಣ್ಣನ್ನು ವಿಂಗಡಿಸಿತ್ತು. ಆಗ ಪಕ್ಕದ ಕೋಣೆಯ ಗೆಳೆಯ ಬಂದು ನೋಡಿ, "ಬಿಟ್ಟುಬಿಡು ಮಾರಾಯಾ, ಚಿಪ್ಪು ಉಳಿದಿರೋ ನಾಲ್ಕು ಕಲ್ಲು ಬರೆದು ಮುಗಿಸು" ಅಂದ. ಹೆಚ್ಚುಕಡಿಮೆ ಒಪ್ಪಿಕೊಂಡೂಬಿಟ್ಟಿದ್ದೆ.

ನಡುವೆ ಅಸಿಟಿಕ್ ಆಮ್ಲದಲ್ಲೂ ಒಂದಿಷ್ಟು ದಿನ ಕಳೆದೆ. ಸುಣ್ಣದ ಅಚ್ಚಿಗೆ ಆಮ್ಲ ಬೇಡ. ಅಷ್ಟು ಹೇಳಿದರೆ ಸಾಕು.

ದಾರಿ ತೋರಿಸಿದ್ದು ನೀರಿನ ತೊಟ್ಟಿ. ಸಂದು ಬಿದ್ದು, ಅಂಟಿದ ಜೇಡಿಯಿಂದ ಗಲೀಜಾಗಿದ್ದ ಒಂದು ಕಲ್ಲನ್ನು ನೆನೆಯಲು ಹಾಕಿದ್ದೆ. ಮೂರನೇ ದಿನ ಎತ್ತಿದಾಗ ಮುಂದಿನ ತುಂಡು ನನ್ನ ಎಡಗೈಯಲ್ಲಿ ಉಳಿಯಿತು, ಹಿಂದಿನದು ಬಲಗೈಯಲ್ಲಿ. ಒಡೆದಿರಲಿಲ್ಲ, ಬಿಡಿಸಿಕೊಂಡಿತ್ತು. ಅಡ್ಡಗೋಡೆ ಇದ್ದ ಜಾಗದಲ್ಲಿ ಕಾಗದದಷ್ಟು ತೆಳು ಜೇಡಿಯ ಪೊರೆ ಇತ್ತು, ಅದು ನೆನೆದು ಜಾರಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಮುಂದಿನ ಕೋಣೆಯ ತುಂಡೂ ಬಂತು. ಅದರ ಹಿಂದಿನದೂ ಬಂತು. ಒಂದರೊಳಗೊಂದು ಕೂರಿಸಿದ ಬಟ್ಟಲುಗಳನ್ನು ಬಿಡಿಸಿದ ಹಾಗೆ.

ಆ ತುಂಡನ್ನು ಹತ್ತಿರದಿಂದ ನೋಡಬೇಕು. ಮುಂದಿನ ಮುಖ ಬಟ್ಟಲಿನ ಹಾಗೆ ತಗ್ಗು. ಹಿಂದಿನ ಮುಖ ಉಬ್ಬು. ಅಡ್ಡಗೋಡೆ ಹಿಂದಕ್ಕೆ ಉಬ್ಬಿರುತ್ತದಲ್ಲ, ಅದರ ಎರಡೂ ಮಗ್ಗುಲಿನ ಅಚ್ಚು ಇವು. ಸುತ್ತಲಿನ ಅಂಚೇ ಸೂಚರ್. ಬಿಡಿಸದ ಅಚ್ಚಿನ ಮೇಲೆ ಮಸುಕಾದ ಗೆರೆಯಾಗಿ ಹುಡುಕಬೇಕಾದದ್ದು ಇಲ್ಲಿ ಬೆರಳಿಗೆ ಸಿಗುವ ಅಂಚು. ತಗ್ಗು ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ಕಡೆ ತುಕ್ಕು ಬಣ್ಣದ ಪುಟ್ಟ ಉಂಗುರ ಕಾಣುತ್ತದೆ, ಮೆಣಸಿನ ಕಾಳಿಗಿಂತ ಚಿಕ್ಕದು. ಅದೇ ಸೈಫಂಕಲ್. 14 ಕಲ್ಲು ಕೊಯ್ದು ಹುಡುಕಿದ್ದು ಪ್ರತಿ ಕೋಣೆಯ ಮುಖದ ಮೇಲೂ ಕೂತಿತ್ತು.

ಅವತ್ತು ರಾತ್ರಿ ಮನೆಗೆ ಹೋಗಲಿಲ್ಲ. ಒಂದೇ ಕಲ್ಲಿನಿಂದ 17 ತುಂಡು ಬಿಡಿಸಿದೆ. ಮೇಜಿನ ಮೇಲೆ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಇಟ್ಟೆ. ಆಗಲೇ ಕಂಡದ್ದು ಇಡೀ ಕೆಲಸದ ಜೀವಾಳ. ಮೊದಲ ತುಂಡುಗಳಲ್ಲಿ ಲೋಬ್ ಆಳವಾಗಿ, ದುಂಡಗೆ ಇಳಿದಿತ್ತು. ಯಾರೇ ನೋಡಿದರೂ ಹರ್ಕೊಗ್ಲೋಸ ಅನ್ನುವ ಹಾಗಿತ್ತು. ನಡುವಿನ ತುಂಡುಗಳಲ್ಲಿ ಬಳುಕು ಕಡಿಮೆಯಾಗಿ ಸಿಮೋಮಿಯದ ಹಾಗೆ. ಕೊನೆಯ ನಾಲ್ಕು ಪುಟ್ಟ ತುಂಡುಗಳಲ್ಲಿ ಅಂಚು ಹೆಚ್ಚುಕಡಿಮೆ ನೇರ, ಥೇಟ್ ಯುಟ್ರೆಫೊಸೆರಸ್. ಮೂರು ಕುಲ ಅಂತ ನಾವು ಬರೆಯುತ್ತಿದ್ದದ್ದು ಒಂದೇ ಪ್ರಾಣಿಯ ಮೂರು ವಯಸ್ಸು.

ಸೂಚರ್ ಬೆಳೆಯುತ್ತಾ ಬಳುಕುತ್ತದೆ ಅನ್ನೋದು ಹೊಸ ವಿಷಯ ಅಲ್ಲ. ನಮಗೆಲ್ಲ ಗೊತ್ತು. ಗೊತ್ತಿದ್ದೂ ನಾವು ಚಿಕ್ಕ ಕಲ್ಲನ್ನು ದೊಡ್ಡ ಕಲ್ಲಿನ ಪಕ್ಕ ಇಟ್ಟು ಹೋಲಿಸುತ್ತೇವೆ, ಕೈಗೆ ಸಿಗೋದು ಅಷ್ಟೇ ಅಂತ. ಬಿಡಿಸಲು ಬರುತ್ತದೆ ಅಂದ ಮೇಲೆ ಆ ನೆಪ ಇಲ್ಲ. ದೊಡ್ಡ ಕಲ್ಲಿನೊಳಗೇ ಅದರ ಬಾಲ್ಯ ಕೂತಿದೆ.

ಆಮೇಲೆ ವಿಧಾನ ತಾನೇ ಗಟ್ಟಿಯಾಗುತ್ತಾ ಬಂತು. ಸುತ್ತಿನ ಎತ್ತರ 15, 25, 40 ಮಿ.ಮೀ. ಇರುವ ಮೂರು ಜಾಗ ಆರಿಸಿಕೊಂಡೆ. ಪ್ರತಿ ಕಲ್ಲಿನಲ್ಲೂ ಆ ಎತ್ತರಕ್ಕೆ ಹತ್ತಿರದ ಕೋಣೆ ಹುಡುಕಿ ಎರಡೇ ಅಳತೆ ತೆಗೆಯೋದು. ಒಂದು, ಹೊರಬದಿಯ ನಡುವಿನಿಂದ ಹೊಕ್ಕುಳಿನ ಭುಜದವರೆಗೆ ನೇರ ಗೆರೆ ಎಳೆದರೆ ಲೋಬ್ ಅದರಿಂದ ಎಷ್ಟು ಹಿಂದಕ್ಕೆ ಇಳಿದಿದೆ. ಇನ್ನೊಂದು, ಸೈಫಂಕಲ್ ಹೊರಬದಿಯಿಂದ ಎಷ್ಟು ಒಳಗಿದೆ. ಎರಡನ್ನೂ ಸುತ್ತಿನ ಎತ್ತರದಿಂದ ಭಾಗಿಸೋದು. ಅಗಲವನ್ನು ಮುಟ್ಟಲೇ ಇಲ್ಲ. ಕಂಪ್ಯೂಟರ್ ನನಗೆ ಕಲಿಸಿದ ಪಾಠ ಅದು. ಕಲ್ಲು ಪಕ್ಕದಿಂದ ಅದುಮಿದಾಗ ಮೊದಲು ಕೆಡೋದು ಅಗಲ.

ಇದನ್ನು ಬಾಯಿಮಾತಿಗೆ ಬಿಡಬಾರದು ಅಂತ ಪ್ಲಾಸ್ಟಿಸಿನ್‌ನಲ್ಲಿ ಒಂದು ಪರೀಕ್ಷೆ ಮಾಡಿದೆ. ಚೆನ್ನಾಗಿದ್ದ ಒಂದು ಅಚ್ಚಿನ ನಕಲು ತೆಗೆದು, ಮೇಲೆ ಸೂಚರ್ ಗೀಚಿ, ಎರಡು ಹಲಗೆಗಳ ನಡುವೆ ಇಟ್ಟು ಒತ್ತಿದೆ. ಅಗಲದಲ್ಲಿ ಕಾಲು ಭಾಗ ಹೋದಾಗ ಎತ್ತರ ಕೆಟ್ಟದ್ದು ನೂರಕ್ಕೆ ನಾಲ್ಕೈದು. ಲೋಬ್ ಅಳತೆಯಲ್ಲಿ ಬಂದ ವ್ಯತ್ಯಾಸ ಕೈತಪ್ಪಿನಷ್ಟೇ. ಓರೆಯಾಗಿ ಒತ್ತಿದಾಗ ಮಾತ್ರ ಎಡ ಬಲ ಬೇರೆ ಬೇರೆ ಬಂತು. ಅದಕ್ಕೇ ಆಮೇಲೆ ಎರಡೂ ಪಕ್ಕ ಅಳೆದು ಸರಾಸರಿ ಹಿಡಿದೆ. ಎಡ ಬಲ ತೀರಾ ಜಾಸ್ತಿ ಬೇರೆ ಇದ್ದ ಕಲ್ಲುಗಳನ್ನು ಬಿಟ್ಟೆ. ಹಾಗೆ 30ರಷ್ಟು ಕಲ್ಲು ಹೊರಗೆ ಹೋದವು. ಉಳಿದದ್ದು 110.

ಲೋಬ್ ಅಳೆಯೋಕೆ ಮೊದಲು ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಗೆರೆ ಎತ್ತಿದೆ. ದುಂಡಗಿನ ಕಲ್ಲಿಗೆ ಹಾಳೆ ಸರಿಯಾಗಿ ಕೂರೋದಿಲ್ಲ. ಎಳೆದರೆ ಹಿಗ್ಗುತ್ತದೆ. ಒಂದೇ ಕಲ್ಲನ್ನು ಮೂರು ಸಲ ಎತ್ತಿದರೆ ಮೂರು ಅಳತೆ. ಹಾಗಾಗಿ ಹಾಳೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಪಕ್ಕ ಒಂದು ಅಂಟಿಸಿ ಗೆರೆ ಎತ್ತಿದೆ. ನಿಧಾನದ ಕೆಲಸ, ಒಂದು ಕಲ್ಲಿಗೆ ಮುಕ್ಕಾಲು ಗಂಟೆ. ಆದರೆ ಮೂರು ಸಲ ಎತ್ತಿದರೂ ಒಂದೇ ಅಳತೆ. ಮಸುಕಾದ ಸೂಚರ್ ಎದ್ದು ಕಾಣಲು ನಾನು ಸವರುವ ಒಂದು ಪುಡಿ ಇದೆ. ಅದನ್ನು ಕಂಡುಕೊಳ್ಳೋಕೆ ನನಗೆ ಎಂಟು ತಿಂಗಳು ಹಿಡಿಯಿತು. ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತೊಟ್ಟಿಯ ನೀರಿಗೆ ನಾನು ಏನು ಸೇರಿಸುತ್ತೇನೆ ಅನ್ನೋದೂ ಅಷ್ಟೇ. ಬರೀ ನೀರಿನಲ್ಲೂ ಕೆಲಸ ಆಗುತ್ತದೆ, ದಿನ ಜಾಸ್ತಿ ಹಿಡಿಯುತ್ತದೆ.

ಬಿಡಿಸುವ ಮುಂಚೆ ಎರಡು ಕೆಲಸ ಮಾಡದೆ ಮುಂದೆ ಹೋಗಬೇಡಿ. ಪ್ಲಾಸ್ಟರ್ ನಕಲು ತೆಗೆಯಿರಿ. ನಾಲ್ಕೂ ಕಡೆಯಿಂದ ಫೋಟೋ ಹಿಡಿಯಿರಿ. ಹೆಸರಿಗೆ ಆಧಾರವಾದ ಮೂಲ ಮಾದರಿಗಳನ್ನು ಯಾವ ಕಾರಣಕ್ಕೂ ನೀರಿಗೆ ಹಾಕಬೇಡಿ. ಬಿಡಿಸಿದ ಪ್ರತಿ ತುಂಡಿನ ತಗ್ಗು ಮುಖಕ್ಕೆ ಆಗಿಂದಾಗಲೇ ನಂಬರ್ ಹಾಕಿ. "ಸಾಲಾಗಿ ಇಟ್ಟಿದ್ದೇನೆ, ನಾಳೆ ಹಾಕ್ತೀನಿ" ಅಂತ ಬಿಟ್ಟ ಒಂದು ರಾತ್ರಿ ಯಾರೋ ಮೇಜು ಸರಿಸಿದರು. 13 ತುಂಡುಗಳನ್ನು ಮತ್ತೆ ಜೋಡಿಸೋಕೆ ನಾಲ್ಕು ದಿನ ಹೋಯಿತು. ಅಳತೆ ಮುಗಿದ ಮೇಲೆ ನೀರಿನಲ್ಲಿ ಕರಗುವ ಅಂಟಿನಿಂದಲೇ ಜೋಡಿಸಿ. ಮುಂದೆ ಇನ್ನೊಬ್ಬರು ಬಿಡಿಸಬೇಕಾಗಬಹುದು.

110ರಲ್ಲಿ ಬಿಡಿಸಿಕೊಂಡದ್ದು 62 ಅಂತ ನೆನಪು. ಉಳಿದವು ಕ್ಯಾಲ್ಸೈಟ್‌ನಿಂದ ಬೆಸೆದುಕೊಂಡಿದ್ದವು. ಅವುಗಳಲ್ಲಿ ಹೊರಗೆ ಕಾಣುವ ಎತ್ತರದಲ್ಲಿ ಮಾತ್ರ ಅಳೆದು, ಬಿಡಿಸಿದವುಗಳ ಬೆಳವಣಿಗೆಯ ದಾರಿಯ ಮೇಲೆ ಎಲ್ಲಿ ಬೀಳುತ್ತವೆ ಅಂತ ನೋಡಿದೆ. ಆ ದಾರಿ ಇಲ್ಲದಿದ್ದರೆ ಇವು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ.

ಗೆರೆಗಳನ್ನು ಕಾಗದದ ಮೇಲೆ ಹಾಕಿದಾಗ ಏನಾಯಿತು ಅಂದರೆ, 15 ಮಿ.ಮೀ. ಎತ್ತರದಲ್ಲಿ ಎಲ್ಲವೂ ಒಂದೇ ಕಡೆ ಗುಡ್ಡೆಯಾಗಿ ಕೂತವು. ಅಲ್ಲಿ ಯಾರೂ ಏನೂ ಹೇಳೋಕಾಗಲ್ಲ. ಆ ಗಾತ್ರದ ಕಲ್ಲು ನೋಡಿ ಕುಲ ಬರೆದಿದ್ದರೆ ಆ ಚೀಟಿಯನ್ನು ನಂಬಬೇಡಿ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. 25ರಲ್ಲಿ ಗುಡ್ಡೆ ಸ್ವಲ್ಪ ಹರಡಿತು. 40ಕ್ಕೆ ಬಂದಾಗ ಎರಡು ದಾರಿ ಬಿಡಿಬಿಡಿಯಾಗಿ ನಿಂತವು. ಒಂದರಲ್ಲಿ ಲೋಬ್ ಆಳ ಎತ್ತರದ ಎಂಟನೇ ಒಂದು ಭಾಗಕ್ಕೇ ನಿಂತಿತು. ಇನ್ನೊಂದರಲ್ಲಿ ಮೂರನೇ ಒಂದರ ಹತ್ತಿರಕ್ಕೆ ಇಳಿಯಿತು. ನಡುವೆ ಬಿದ್ದದ್ದು ಐದಾರು ಕಲ್ಲು ಮಾತ್ರ. ನನ್ನ ರಾಶಿಯ ಮಟ್ಟಿಗೆ ಸಿಮೋಮಿಯ ಮತ್ತು ಹರ್ಕೊಗ್ಲೋಸ ನಡುವೆ ಗೆರೆ ಇದೆ. ಅದು 40 ಮಿ.ಮೀ. ಹತ್ತಿರ ಮಾತ್ರ ಕಾಣುತ್ತದೆ. "ಗೆರೆಯೇ ಇಲ್ಲ" ಅನ್ನುವವರು ಬಹುಶಃ ಚಿಕ್ಕದು ದೊಡ್ಡದು ಬೆರೆಸಿ ನೋಡಿದ್ದಾರೆ ಅಂತ ನನ್ನ ಅಭಿಪ್ರಾಯ.

ಸೈಫಂಕಲ್‌ನಿಂದ ನಾನು ನಿರೀಕ್ಷೆ ಮಾಡಿದಷ್ಟು ಸಿಗಲಿಲ್ಲ. ಎರಡೂ ಕುಲದಲ್ಲಿ ನಡುವಿನ ಆಸುಪಾಸಿನಲ್ಲೇ ಓಲಾಡುತ್ತದೆ. ಒಂದೇ ಕಲ್ಲಿನಲ್ಲೂ ಬೆಳೆಯುತ್ತಾ ಜಾಗ ಬದಲಿಸುತ್ತದೆ. ಸೈಫಂಕಲ್ ಹುಚ್ಚಿನಲ್ಲಿ 14 ಕಲ್ಲು ಕೊಯ್ದವನಿಗೆ ಇದು ಕಹಿ. ಅದು ನಿಜವಾಗಿ ಕೆಲಸಕ್ಕೆ ಬಂದದ್ದು ಅಟ್ಯೂರಿಯ ಎಂಬ ಇನ್ನೊಂದು ಕುಲವನ್ನು ದೂರ ಇಡೋಕೆ. ಹೋಲಿಕೆಗೆ ಅಂತ ಮೂರು ಅಟ್ಯೂರಿಯ ಎರವಲು ತಂದಿದ್ದೆ. ಅದರಲ್ಲಿ ಸೈಫಂಕಲ್ ಒಳಬದಿಗೆ ಒತ್ತಿಕೊಂಡೇ ಹೋಗುತ್ತದೆ, ಅದರ ಕೊರಳುಗಳು ಉದ್ದ, ಒಂದರೊಳಗೊಂದು ತೂರಿಸಿದ ಲಾಳಿಕೆಗಳ ಹಾಗೆ. ಲೋಬ್ ಕಿರಿದು, ಚೂಪು. ಆ ಮೂರರಲ್ಲೂ ತೀರಾ ಚಿಕ್ಕ ಕೋಣೆಯಲ್ಲೇ ಲೋಬ್ ಬಂದಿತ್ತು. ಯಾವ ವಯಸ್ಸಿನಲ್ಲೂ ಹರ್ಕೊಗ್ಲೋಸದ ಜೊತೆ ಗುರುತು ತಪ್ಪೋದಿಲ್ಲ.

ಡೆಲ್ಟಾಯ್ಡೊನಾಟಿಲಸ್ ಎಂಟು ಸಿಕ್ಕವು. ಹೊರಬದಿಯ ಏಣು ಸವೆದಿದ್ದರೂ ಕೋಣೆಯ ತುಂಡು ಕೈಗೆ ಬಂದರೆ ತ್ರಿಕೋನ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಚಪ್ಪಟೆ ಸೂಚರ್‌ನವು. 40 ಮಿ.ಮೀ.ಗೆ ಬಂದರೂ ಬಳುಕದೆ ಉಳಿದವು ಸುಮಾರು 30. ಇವನ್ನು ಕಣ್ಣುಮುಚ್ಚಿ ಯುಟ್ರೆಫೊಸೆರಸ್ ಅಂತ ಬರೆಯುವ ಆಸೆ ನನಗೂ ಇತ್ತು. ತಡೆದದ್ದು ಚಿಪ್ಪಿನ ಚೂರು ಅಂಟಿಕೊಂಡಿದ್ದ 15 ಕಲ್ಲು. ಆರರಲ್ಲಿ ಆ ಚೂರಿನ ಮೇಲೆ ಸ್ಪಷ್ಟವಾದ ಪಕ್ಕೆಗೆರೆಗಳಿದ್ದವು, ಬಾಚಣಿಗೆ ಎಳೆದ ಹಾಗೆ. ಅಂದರೆ ಅವು ಸಿಮ್ಯಾಟೊಸೆರಸ್, ಪಕ್ಕೆಗೆರೆ ಇರುವ ಬೇರೆ ಕುಲ. ಸೂಜಿಯಿಂದ ಒಂದು ಚೂರನ್ನು ಎಬ್ಬಿಸಿ ಕೆಳಗೆ ನೋಡಿದೆ. ಅಚ್ಚು ನುಣ್ಣಗಿತ್ತು, ಪಕ್ಕೆಗೆರೆಯ ಸುಳಿವೂ ಇಲ್ಲ. ಗೆರೆ ಇದ್ದದ್ದು ಚಿಪ್ಪಿನ ಮೇಲ್ಮೈಯಲ್ಲಿ ಮಾತ್ರ, ಒಳಗೆ ಇಳಿದಿರಲಿಲ್ಲ. ಚಿಪ್ಪು ಪೂರ್ತಿ ಹೋದ ಮೇಲೆ ಈ ಎರಡನ್ನೂ ಬೇರೆ ಮಾಡುವ ದಾರಿ ನನಗೆ ಸಿಕ್ಕಿಲ್ಲ. ಚೂರು ಉಳಿದ 15ಕ್ಕೆ ಹೆಸರು ಕೊಟ್ಟೆ, ಆರು ಸಿಮ್ಯಾಟೊಸೆರಸ್, ಒಂಬತ್ತು ಯುಟ್ರೆಫೊಸೆರಸ್. ಉಳಿದ ಚಪ್ಪಟೆಯವು ಹೆಸರಿಲ್ಲದೆ ಐದನೇ ಟ್ರೇಯಲ್ಲಿ ಕೂತಿವೆ.

ಒಟ್ಟು ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹರ್ಕೊಗ್ಲೋಸ 45ರ ಮೇಲೆ ಒಂದೆರಡು, ಸಿಮೋಮಿಯ 20ರ ಹತ್ತಿರ, ಡೆಲ್ಟಾಯ್ಡೊನಾಟಿಲಸ್ ಎಂಟು, ಚಪ್ಪಟೆ ಜೋಡಿ 15, ಉಳಿದ 20 ಐದನೇ ಟ್ರೇ. ಮೊದಲು ಇದೇ ರಾಶಿಯಲ್ಲಿ ಯುಟ್ರೆಫೊಸೆರಸ್ ಅಂತ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದ ಚಿಕ್ಕ ಕಲ್ಲುಗಳು 22 ಇದ್ದವು. ಅದರಲ್ಲಿ 13 ಬರೀ ಹರ್ಕೊಗ್ಲೋಸದ ಒಳಸುತ್ತುಗಳು. ಹೊರಸುತ್ತು ಮುರಿದು ಹೋಗಿತ್ತು. ಒಡೆದ ಅಂಚು ಇನ್ನೂ ಕಾಣುತ್ತಿತ್ತು, ನೋಡುವವರಿರಲಿಲ್ಲ.

ನನ್ನ ಮಾತು ನಂಬದವರಿಗೆ ಒಂದು ಪರೀಕ್ಷೆ ಇಟ್ಟೆ. ಹೆಸರಿನಲ್ಲಿ ಅನುಮಾನವೇ ಇಲ್ಲದ ಕಲ್ಲುಗಳಿಂದ 40 ಮಿ.ಮೀ. ಆಸುಪಾಸಿನ ಬಿಡಿ ಕೋಣೆಗಳನ್ನು ಆರಿಸಿ, ನಂಬರ್ ಮುಚ್ಚಿ, ಬೇಕಾದ ಹಾಗೆ ಬೆರೆಸಿ ಕೊಡಿ ಅಂದೆ. ಕವಡೆ ಶಾಸ್ತ್ರ ಅಂದ ಹಿರಿಯರೇ ಬೆರೆಸಿದರು. 24 ತುಂಡಿನಲ್ಲಿ 22 ಸರಿ ಹೇಳಿದೆ. ತಪ್ಪಿದ ಎರಡೂ ನಡುವಿನ ಗೆರೆಯ ಹತ್ತಿರದವು. ಅವರು ಕನ್ನಡಕ ತೆಗೆದು ತುಂಡುಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು. "ಎಲ್ಲಾದಕ್ಕೂ ಒಂದೇ ಎತ್ತರದಲ್ಲಿ ಅಳೆದ್ಯಾ?" ಅಂತ ಕೇಳಿದರು. "ಹೌದು ಸರ್, ಅದೊಂದೇ" ಅಂದೆ.

ಬೆರೆತು ಹೋಗಿದ್ದ ಮೂರು ಪೆಟ್ಟಿಗೆಗಳ ವಿಷಯವೂ ಹೇಳಬೇಕು. ಕ್ರಿಟೇಶಿಯಸ್ ಯಾವುದು, ಪೇಲಿಯೊಸೀನ್ ಯಾವುದು ಅಂತ ತಿಳಿಯದಿದ್ದರೆ ಗಡಿ ದಾಟಿದವರ ಲೆಕ್ಕಕ್ಕೆ ಈ ಕಲ್ಲುಗಳಿಂದ ಪ್ರಯೋಜನ ಇಲ್ಲ. ಕೊನೆಯ ಕೋಣೆಯಲ್ಲಿ ತುಂಬಿದ ಕೆಸರಿನಿಂದ ಸಣ್ಣ ಚೂರು ತೆಗೆದು ತೆಳುಕೊಯ್ತ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಏಣು ಇರುವ ಗ್ಲೋಬೊಟ್ರಂಕಾನ (ಫೊರಾಮಿನಿಫೆರ ಎಂಬ ಸೂಕ್ಷ್ಮ ಚಿಪ್ಪುಜೀವಿಗಳಲ್ಲಿ ಒಂದು) ಕಂಡರೆ ಕ್ರಿಟೇಶಿಯಸ್, ಅವು ಗಡಿ ದಾಟಲಿಲ್ಲ. 31 ಕಲ್ಲಿನಲ್ಲಿ 19ಕ್ಕೆ ಹೀಗೆ ಕಾಲ ಸಿಕ್ಕಿತು. ಗ್ಲೋಬೊಟ್ರಂಕಾನ ಇಲ್ಲ ಅಂದ ಮಾತ್ರಕ್ಕೆ ಪೇಲಿಯೊಸೀನ್ ಅಂತ ಬರೆಯಲಿಲ್ಲ. ಅಲ್ಲಿ ಬೇರೆ ಫೊರಾಮಿನಿಫೆರ ಗುರುತಿಸಿಯೇ ಬರೆದೆ.

ಇನ್ನೊಂದು ಬಯಕೆ ಅರ್ಧಕ್ಕೆ ನಿಂತಿದೆ. ಈಗಿನ ನಾಟಿಲಸ್ ಮೊಟ್ಟೆಯೊಡೆದು ಬರುವಾಗಲೇ 25 ಮಿ.ಮೀ.ನಷ್ಟು ದೊಡ್ಡದು, ಏಳರಷ್ಟು ಅಡ್ಡಗೋಡೆ ಆಗಲೇ ಕಟ್ಟಿರುತ್ತದೆ. ಹುಟ್ಟಿದ ಜಾಗದಲ್ಲಿ ಅಡ್ಡಗೋಡೆಗಳ ಅಂತರ ತಟ್ಟನೆ ಕಿರಿದಾಗುತ್ತದೆ. ಮರಿ ದೊಡ್ಡದಾಗಿ ಹುಟ್ಟೋದೇ ಈ ವಂಶವನ್ನು ಗಡಿ ದಾಟಿಸಿತು ಅನ್ನುವ ವಾದ ಇದೆಯಲ್ಲ, ಅದನ್ನು ನನ್ನ ಬಿಡಿ ಕೋಣೆಗಳಲ್ಲಿ ಹುಡುಕಿದೆ. ಎಂಟು ಕಲ್ಲಿನಲ್ಲಿ ನಡುತಿರುಳಿನವರೆಗೂ ಬಿಡಿಸಲು ಆಯಿತು. ಮೂರರಲ್ಲಿ ಮಾತ್ರ ಅಂತರ ಕಿರಿದಾಗುವ ಜಾಗ ಸಿಕ್ಕಿತು. ಮೂರರಿಂದ ಏನೂ ಹೇಳಲಾರೆ. ಒಳಬದಿಯ ಪುಟ್ಟ ಆನ್ಯುಲರ್ ಲೋಬ್ ಹಿಂದೆಯೂ ಎರಡು ತಿಂಗಳು ಬಿದ್ದೆ. ಬಿಡಿಸಿದ ತುಂಡಿನಲ್ಲಿ ಅದು ಚೆನ್ನಾಗಿ ಕಾಣಬೇಕು. ನನ್ನ ಕಲ್ಲುಗಳಲ್ಲಿ ಆ ಜಾಗವೇ ಜಾಸ್ತಿ ಸವೆದಿತ್ತು.

ದುಡ್ಡಿನ ಮಾತು. ಒಟ್ಟು ಖರ್ಚು ನೂರು ಅಂತ ಇಟ್ಟುಕೊಂಡರೆ 45 ಸ್ಕ್ಯಾನಿಗೆ ಹೋಯಿತು. 20 ಬ್ಲೇಡು, ಉಜ್ಜುವ ಪುಡಿ, ಗರಗಸದ ಬಾಡಿಗೆಗೆ. 15 ಎರವಲು ಕಲ್ಲುಗಳ ಸಾಗಣೆಗೆ, ಅದು ದಂಡ ಅಲ್ಲ. ತೆಳುಕೊಯ್ತಗಳಿಗೆ ಹತ್ತು. ಗೆದ್ದ ವಿಧಾನಕ್ಕೆ, ಅಂದರೆ ತೊಟ್ಟಿ, ಪ್ಲಾಸ್ಟರ್, ಹಾಳೆ, ಅಂಟು, ಒಳ್ಳೆಯದೊಂದು ಕ್ಯಾಲಿಪರ್‌ಗೆ, ಎಲ್ಲ ಸೇರಿ ಆರೇಳು. ಅರ್ಧಕ್ಕಿಂತ ಜಾಸ್ತಿ ನನ್ನ ಕೈಯಿಂದಲೇ ಹೋದದ್ದು. ಸ್ಕ್ಯಾನಿಗೆ ದುಡ್ಡು ಕೊಡಲು ಒಪ್ಪಿದವರು "ನೀರಿನಲ್ಲಿ ನೆನೆಸಿ ಬಿಡಿಸ್ತೀನಿ" ಅಂದಾಗ ಅರ್ಜಿಯನ್ನೇ ವಾಪಸು ಕಳಿಸಿದರು. ಅದರ ನೋವು ಇನ್ನೂ ಇದೆ.

ಹಿರಿಯರು ಕಳಿಸಿದ ಹನ್ನೊಂದರಲ್ಲಿ ಏಳು ಮುಗಿದಿವೆ. ಐದು ಹರ್ಕೊಗ್ಲೋಸ, ಎರಡು ಸಿಮೋಮಿಯ. ಮೂರು ತೊಟ್ಟಿಯಲ್ಲಿವೆ. ಹನ್ನೊಂದನೆಯದು ಚಪ್ಪಟೆ ಸೂಚರ್‌ನದು, ಹೊಕ್ಕುಳಿನ ಹತ್ತಿರ ಉಗುರಿನಷ್ಟು ಚಿಪ್ಪು ಉಳಿದಿದೆ, ಅದರ ಮೇಲೆ ಜೇಡಿ ಗಟ್ಟಿಯಾಗಿ ಕೂತಿದೆ. ದಿನಾ ಬೆಳಿಗ್ಗೆ ಒಂದಿಷ್ಟು ಹೊತ್ತು ಸೂಜಿಯಿಂದ ಬಿಡಿಸುತ್ತಿದ್ದೇನೆ. ನಿನ್ನೆ ಒಂದು ಅಂಚಿನಲ್ಲಿ ಎರಡು ಗೆರೆ ಕಂಡವು.